ವಾಪಸ್ ಹೋಗಬೇಕಾಗಿದ್ದ ಮೂವರು ನರ್ಸ್‌ಗಳು

ಮಲಾವಿಯ ಜಿಲ್ಲಾ ಆಸ್ಪತ್ರೆಯೊಂದಕ್ಕೆ ನಮ್ಮ ಆಸ್ಪತ್ರೆಯಿಂದ ಏನು ಕಳಿಸಬೇಕು ಎಂಬ ಮಾತು ಬಂದಾಗ ಸಭೆಯಲ್ಲಿದ್ದ ಎಲ್ಲರೂ ಇನ್‌ಕ್ಯುಬೇಟರ್ ಎಂದರು. ಅವಧಿಗೆ ಮುಂಚೆ ಹುಟ್ಟಿದ ಕೂಸುಗಳನ್ನು ಬೆಚ್ಚಗಿಡುವ ಪೆಟ್ಟಿಗೆ. ಫೋಟೋದಲ್ಲಿ ಚೆನ್ನಾಗಿ ಕಾಣುತ್ತದೆ, ದಾನಿಗಳಿಗೆ ತೋರಿಸಲು ಸುಲಭ. ಬೇಡ ಎಂದವಳು ನಾನೊಬ್ಬಳೇ.

ನಾನು ನವಜಾತ ಶಿಶುಗಳ ವೈದ್ಯೆ. ಹುಟ್ಟಿದ್ದು ವಿಜಯಪುರದಲ್ಲಿ, ಮನೆ ಜರ್ಮನಿಯ ರೇಗನ್ಸ್‌ಬರ್ಗಿನಲ್ಲಿ, ಕೆಲಸ ಅಲ್ಲಿಂದ ರೈಲಿನಲ್ಲಿ ಹೋಗಿಬರುವಷ್ಟು ದೂರದ ಸಣ್ಣ ಊರಿನ ಆಸ್ಪತ್ರೆಯಲ್ಲಿ. ಇಲ್ಲಿಯ ಆಸ್ಪತ್ರೆಗಳು ಸರ್ಕಾರದ ನೆರವಿನಿಂದ ಆಫ್ರಿಕಾದ ಆಸ್ಪತ್ರೆಗಳ ಜೊತೆ ಪಾಲುದಾರಿಕೆ ಮಾಡಿಕೊಳ್ಳುವ ಯೋಜನೆಯೊಂದರಲ್ಲಿ ನಮ್ಮ ಪಾಲಿಗೆ ಮಲಾವಿ ಬಂದಿತ್ತು. "ನೀವು ಭಾರತದವರು, ಅಂಥ ಪರಿಸ್ಥಿತಿ ನಿಮಗೆ ಗೊತ್ತಿರುತ್ತದೆ" ಎಂದು ವಿಭಾಗದ ಮುಖ್ಯಸ್ಥರು ಅದನ್ನು ನನ್ನ ಕೊರಳಿಗೆ ಕಟ್ಟಿದರು.

ನನಗೆ ಗೊತ್ತಿರಲಿಲ್ಲ. ಆ ಸಭೆಗೆ ಮುಂಚೆ ಒಮ್ಮೆ ಹೋಗಿ ನೋಡಿದ ಮೇಲೆ ಗೊತ್ತಾಯಿತು.

ಚಹಾ ತೋಟಗಳ ನಡುವಿನ ಜಿಲ್ಲೆ ಅದು. ಆಸ್ಪತ್ರೆಯ ವರಾಂಡದಲ್ಲಿ ಹಿಂದೆ ಯಾರೋ ದಾನ ಕೊಟ್ಟ ಇನ್‌ಕ್ಯುಬೇಟರ್‌ಗಳು ಸಾಲಾಗಿ ನಿಂತಿದ್ದವು. ಒಂದರ ಫ್ಯೂಸ್ ಸುಟ್ಟಿತ್ತು, ಇನ್ನೊಂದರ ಬಿಡಿಭಾಗ ದೇಶದಲ್ಲೇ ಸಿಗುತ್ತಿರಲಿಲ್ಲ. ಡಾಲರ್ ಕೊರತೆಯಿಂದ ತರಿಸಲೂ ಆಗುತ್ತಿರಲಿಲ್ಲ. ಅಲ್ಲಿಯ ಮೇಟ್ರನ್, ಅಂದರೆ ನರ್ಸ್‌ಗಳ ಮುಖ್ಯಸ್ಥೆ, ಅವುಗಳೊಳಗೆ ಒಗೆದ ಬಟ್ಟೆ ಇಡುತ್ತಿದ್ದಳು. ಒಳಗೆ ವಾರ್ಡಿನಲ್ಲಿ ಒಂದೊಂದು ಹೀಟರಿನ ಕೆಳಗೆ ಎರಡು ಕೂಸು, ಮೂರು ಕೂಸು. ಕರೆಂಟು ಹೋದಾಗ ತಾಯಂದಿರು ಕೂಸುಗಳನ್ನು ಎದೆಗೆ ಕಟ್ಟಿಕೊಳ್ಳುತ್ತಿದ್ದರು. ಇಡೀ ವಾರ್ಡಿಗೆ ಒಬ್ಬಳೇ ನರ್ಸ್. ಹೆರಿಗೆ ಕೋಣೆಯಿಂದ ಕೂಗು ಬಂದರೆ ಅವಳೂ ಅತ್ತ ಓಡಬೇಕು.

"ಸ್ವಾತಂತ್ರ್ಯ ಬಂದ ಹೊಸತರಲ್ಲಿ ಕಟ್ಟಿಸಿದ ಆಸ್ಪತ್ರೆ ಇದು," ಎಂದಳು ಮೇಟ್ರನ್. ಎತ್ತರದ ಹೆಂಗಸು, ನಡೆದರೆ ನಾವು ಓಡಬೇಕು. "ನನ್ನ ಅಮ್ಮ ಇಲ್ಲೇ ನರ್ಸ್ ಆಗಿದ್ದಳು. ಆಗ ಈ ವಾರ್ಡಿನಲ್ಲಿ ಯಾವಾಗಲೂ ಮೂವರು ಇರುತ್ತಿದ್ದರಂತೆ. ಕಟ್ಟಡ ಹಾಗೇ ಇದೆ. ಜನ ಎಲ್ಲಿ?"

ನರ್ಸಿಂಗ್ ಓದಿದವರೇ ಇಲ್ಲವೇ ಎಂದು ಕೇಳಿದೆ. ಅವಳು ನನ್ನನ್ನು ಮಾರುಕಟ್ಟೆಗೆ ಕರೆದುಕೊಂಡು ಹೋದಳು. ಯುರೋಪಿನಿಂದ ಬಂದ ಹಳೇ ಬಟ್ಟೆಗಳನ್ನು ಟಾರ್ಪಾಲಿನ ಮೇಲೆ ಹರಡಿ ಮಾರುತ್ತಿದ್ದ ಹುಡುಗಿಯನ್ನು ತೋರಿಸಿದಳು. ಆ ಹುಡುಗಿ ನರ್ಸಿಂಗ್ ಮುಗಿಸಿ ಎಷ್ಟೋ ಕಾಲವಾಗಿತ್ತು. ಸರ್ಕಾರ ನೇಮಕಾತಿ ನಿಲ್ಲಿಸಿತ್ತು. ಸಂಬಳದ ಖರ್ಚು ಏರಬಾರದೆಂಬುದು ದೇಶಕ್ಕೆ ಸಾಲ ಕೊಟ್ಟವರ ಷರತ್ತು.

"ಹುದ್ದೆಗಳು ಖಾಲಿ ಇವೆ, ನರ್ಸ್‌ಗಳೂ ಇದ್ದಾರೆ," ಎಂದಳು ಮೇಟ್ರನ್. "ನಾವೂ ಅವರೂ ಒಂದೇ ಊರಿನಲ್ಲಿದ್ದೇವೆ. ಆದರೂ ಸೇರುವ ಹಾಗಿಲ್ಲ."

ಇಷ್ಟನ್ನೂ ನೋಡಿ ಬಂದಿದ್ದರಿಂದಲೇ ನಾನು ಸಭೆಯಲ್ಲಿ ಹಟ ಹಿಡಿದದ್ದು. ಅವಧಿಗೆ ಮುಂಚೆ ಹುಟ್ಟಿದ ಕೂಸಿನ ಶ್ವಾಸಕೋಶ ಉಸಿರು ಬಿಟ್ಟಾಗಲೆಲ್ಲ ಮುದುರಿಕೊಳ್ಳುತ್ತದೆ. ಅದು ಮುದುರದಂತೆ ಮೂಗಿನ ಮೂಲಕ ಸಣ್ಣ ಒತ್ತಡದಲ್ಲಿ ಗಾಳಿ ಕೊಡುತ್ತಲೇ ಇರಬೇಕು. ಅದಕ್ಕೆ ದುಬಾರಿ ಯಂತ್ರವೇ ಬೇಕೆಂದಿಲ್ಲ. ಆಮ್ಲಜನಕದ ನಳಿಕೆ, ಮೂಗಿಗೆ ಎರಡು ಮೆತ್ತನೆಯ ತುದಿಗಳು, ನಳಿಕೆಯ ಇನ್ನೊಂದು ಕೊನೆಯನ್ನು ಬಾಟಲಿಯ ನೀರಿನಲ್ಲಿ ಅಳತೆಯ ಆಳಕ್ಕೆ ಮುಳುಗಿಸಿದರೆ ಆಯಿತು. ನೀರಿನಲ್ಲಿ ಗುಳ್ಳೆ ಏಳುತ್ತಿದ್ದರೆ ಒತ್ತಡ ಇದೆ ಎಂದರ್ಥ. ಆದರೆ ಅದನ್ನು ಹಾಕಿ ಮಲಗಿಸಿ ಹೋಗುವಂತಿಲ್ಲ. ತುದಿ ಬಿಗಿಯಾದರೆ ಮೂಗಿನ ನಡುವಿನ ಚರ್ಮ ಕೊಳೆಯುತ್ತದೆ, ಸಡಿಲವಾದರೆ ಗಾಳಿ ಸೋರುತ್ತದೆ. ಸಿಂಬಳ ಕಟ್ಟಿದರೆ ತೆಗೆಯಬೇಕು, ಹೊಟ್ಟೆ ಉಬ್ಬಿದರೆ ಗಾಳಿ ಹೊರಗೆ ಬಿಡಬೇಕು. ಕೂಸಿನ ಪಕ್ಕದಲ್ಲಿ, ಇದನ್ನೆಲ್ಲ ಕಲಿತ ಒಬ್ಬರು ಇರಲೇಬೇಕು.

"ಯಂತ್ರ ಬೇಡ, ಜನರನ್ನು ತಯಾರು ಮಾಡೋಣ" ಎಂದೆ. ಬಹಳ ಜಗ್ಗಾಟದ ನಂತರ ಒಪ್ಪಿದರು. ಮೇಟ್ರನ್ ಆರಿಸಿ ಕಳಿಸುವ ಮೂವರು ನರ್ಸ್‌ಗಳು ನಮ್ಮ ವಾರ್ಡಿನಲ್ಲಿ ತರಬೇತಿ ಪಡೆಯುವುದು, ವಾಪಸ್ ಹೋಗಿ ಉಳಿದವರಿಗೆ ಕಲಿಸುವುದು ಎಂದಾಯಿತು. ನನ್ನ ಯೋಜನೆ ಗೆದ್ದಿತೆಂದು ಆ ದಿನ ಮನೆಯಲ್ಲಿ ಹೋಳಿಗೆ ಮಾಡಿದ್ದೆ.

ಮೊದಲ ಅಡ್ಡಿ ನಮ್ಮದೇ ಕಾನೂನು ವಿಭಾಗದಿಂದ ಬಂತು. ಹೊರದೇಶದ ನರ್ಸಿಂಗ್ ಪದವಿಗೆ ಇಲ್ಲಿಯ ಮಾನ್ಯತೆ, ಅಂದರೆ ಅನರ್ಕೆನ್ನುಂಗ್, ಇಲ್ಲದಿದ್ದರೆ ಅವರು ಗೋಡೆಗೆ ಒರಗಿ ನಿಂತು ನೋಡಬಹುದೇ ಹೊರತು ಕೂಸನ್ನು ಮುಟ್ಟುವಂತಿಲ್ಲ. ಮುಟ್ಟದೆ ಈ ಕೆಲಸ ಕಲಿಯುವುದು ಹೇಗೆ? ಹಾಗಾಗಿ ಮೂವರಿಗೂ ಜರ್ಮನ್ ಕಲಿಸಿ, ಪರೀಕ್ಷೆ ಬರೆಸಿ, ಮಾನ್ಯತೆ ಕೊಡಿಸುವುದೂ ಯೋಜನೆಯೊಳಗೆ ಸೇರಿತು. ಮಾನ್ಯತೆ ಸಿಕ್ಕ ನರ್ಸ್ ಜರ್ಮನಿಯ ಯಾವ ಆಸ್ಪತ್ರೆಯಲ್ಲಾದರೂ ನೌಕರಿ ಮಾಡಬಹುದು. ಆ ಸಭೆಯಲ್ಲಿ ಆ ಮಾತು ಯಾರ ಬಾಯಿಂದಲೂ ಬರಲಿಲ್ಲ.

ಮೂವರು ಬಂದರು. ಹಿರಿಯಳಿಗೆ ಆ ವಾರ್ಡಿನಲ್ಲೇ ಕೂದಲು ನರೆಯಲು ಶುರುವಾಗಿತ್ತು. ನಡುವಿನವಳು ಚುರುಕು, ಜರ್ಮನ್ ಅವಳ ನಾಲಿಗೆಗೆ ಬೇಗ ಒಗ್ಗಿತು. ಕಿರಿಯಳು ನಾನು ಮಾರುಕಟ್ಟೆಯಲ್ಲಿ ಕಂಡ ಅದೇ ಹುಡುಗಿ. ಯೋಜನೆಯ ಹೆಸರಿನಲ್ಲಿ ಮೇಟ್ರನ್ ಹೇಗೋ ಅವಳನ್ನು ಗುತ್ತಿಗೆಯ ಮೇಲೆ ಒಳಗೆ ತಂದಿದ್ದಳು.

ಮೊದಲ ಚಳಿಗಾಲ ಕಷ್ಟದ್ದು. ಕಿರಿಯಳು ಭಾಷೆಯ ಪರೀಕ್ಷೆಯಲ್ಲಿ ಫೇಲಾದಳು. ಬಾಯಿಮಾತಿನಲ್ಲಿ ಪಾಸು, ಬರವಣಿಗೆಯಲ್ಲಿ ಬಿದ್ದಿದ್ದಳು. ಇಲ್ಲಿಯ ಮಾನಿಟರುಗಳ ಚೀರಾಟ ಅವರಿಗೆ ಒಗ್ಗುತ್ತಿರಲಿಲ್ಲ. ಅಲಾರಂ ಹೊಡೆದಾಗಲೆಲ್ಲ ಮೂವರೂ ಓಡುತ್ತಿದ್ದರು, ನಮ್ಮವರು ಕೂತಲ್ಲಿಂದಲೇ ಗುಂಡಿ ಒತ್ತಿ ಸುಮ್ಮನಾಗಿಸುತ್ತಿದ್ದರು. ಅಲ್ಲಿ ಇಂಥದ್ದೊಂದು ಮಾನಿಟರೂ ಇರುವುದಿಲ್ಲವೆಂದು ನಾನು ಒಂದು ಮೂಲೆಯ ಹಾಸಿಗೆಯಲ್ಲಿ ಪರದೆಯನ್ನು ಅತ್ತ ತಿರುಗಿಸಿ, ಕೂಸಿನ ಎದೆಯ ಗುಳಿ, ಮೂಗಿನ ಹೊಳ್ಳೆ, ತುಟಿಯ ಬಣ್ಣ ನೋಡಿಯೇ ಹೇಳುವುದನ್ನು ಅಭ್ಯಾಸ ಮಾಡಿಸಿದೆ. ಹೇಳಿದ ಮೇಲೆ ಪರದೆ ತಿರುಗಿಸಿ ತಾಳೆ ನೋಡುವುದು. ಇಲ್ಲಿಯ ಒಬ್ಬ ಹಳೆಯ ನರ್ಸ್ ಇದನ್ನು ಕಂಡು ಮುಖ್ಯಸ್ಥರಿಗೆ ದೂರು ಕೊಟ್ಟಳು. ಆಮೇಲೆ ಅಲಾರಂ ಸದ್ದು ಇಟ್ಟುಕೊಂಡು, ಪರದೆಯನ್ನು ಮಾತ್ರ ಮರೆಮಾಡಿ ಮುಂದುವರಿಸಿದೆವು.

ವಸಂತ ಬರುವ ಹೊತ್ತಿಗೆ ಕಿರಿಯಳೂ ಪಾಸಾದಳು. ಮೂವರಿಗೂ ಮಾನ್ಯತೆ ಬಂತು, ವಾರ್ಡಿನಲ್ಲಿ ಅವರೊಂದು ಬಲವಾದರು. ದೂರು ಕೊಟ್ಟ ನರ್ಸೇ ತನ್ನ ಪಾಳಿಯಲ್ಲಿ ಹಿರಿಯಳು ಇರಲಿ ಎಂದು ಕೇಳತೊಡಗಿದ್ದಳು.

ಇತ್ತ ನಮ್ಮ ವಾರ್ಡಿನದೂ ಒಂದು ಕಥೆ ಇತ್ತು. ನರ್ಸ್‌ಗಳಿಲ್ಲದೆ ಕೆಲವು ಹಾಸಿಗೆಗಳನ್ನು ಮುಚ್ಚಿದ್ದೆವು. ಗರ್ಭಿಣಿಯರನ್ನು ದೂರದ ಆಸ್ಪತ್ರೆಗಳಿಗೆ ಸಾಗಿಸುತ್ತಿದ್ದೆವು. ತರಬೇತಿ ಮುಗಿಯುವ ಹಂತ ಬಂದಾಗ ನರ್ಸಿಂಗ್ ವಿಭಾಗದ ನಿರ್ದೇಶಕಿ ನನ್ನನ್ನು ಕರೆದಳು. ಕೆಟ್ಟ ಹೆಂಗಸಲ್ಲ. ಕಾಫಿ ಕೊಟ್ಟಳು, ಮಲಾವಿಯ ಬಗ್ಗೆ ವಿಚಾರಿಸಿದಳು. ಆಮೇಲೆ ವಿಷಯಕ್ಕೆ ಬಂದಳು.

"ಆ ಮೂವರು ಉಳಿದರೆ ನಾನು ಹಾಸಿಗೆಗಳನ್ನು ಮತ್ತೆ ತೆರೆಯಬಹುದು."

"ಅವರು ವಾಪಸ್ ಹೋಗಬೇಕು. ಯೋಜನೆ ಇರುವುದೇ ಅದಕ್ಕೆ," ಎಂದೆ. "ಅದೂ ಅಲ್ಲದೆ, ಆರೋಗ್ಯ ಸಿಬ್ಬಂದಿಯ ಕೊರತೆ ಇರುವ ದೇಶಗಳಿಂದ ನಾವು ಜನರನ್ನು ಕರೆಸಿಕೊಳ್ಳಬಾರದೆಂಬ ನಿಯಮವಿದೆ."

"ನಾವು ಕರೆಯುವ ಹಾಗಿಲ್ಲ, ನಿಜ. ಅವರಾಗಿ ಅರ್ಜಿ ಹಾಕಿದರೆ ಬೇಡ ಅನ್ನುವ ಹಾಗೂ ಇಲ್ಲ." ಅವಳು ಕಪ್ಪು ಕೆಳಗಿಟ್ಟಳು. "ನಿಮ್ಮ ಮಾತಿಗೆ ಅವರು ಬೆಲೆ ಕೊಡುತ್ತಾರೆ. ಉಳಿಯಿರಿ ಎಂದು ಹೇಳಬೇಡಿ. ಹೋಗಿ ಎಂದೂ ಹೇಳಬೇಡಿ. ಅಷ್ಟು ಸಾಕು."

ಮರುವಾರ ನರ್ಸ್‌ಗಳ ವಿಶ್ರಾಂತಿ ಕೋಣೆಯಲ್ಲಿ, ಕಾಫಿ ಯಂತ್ರದ ಮೇಲ್ಗಡೆ, ಖಾಲಿ ಹುದ್ದೆಗಳ ಜಾಹೀರಾತು ಕಾಣಿಸಿಕೊಂಡಿತು. ಎಲ್ಲರಿಗಾಗಿ ಎಂದು ಬರೆದಿತ್ತು. ಸಾಮಾನ್ಯವಾಗಿ ಜರ್ಮನ್ ಒಂದರಲ್ಲೇ ಹಾಕುವ ಜಾಹೀರಾತು ಈ ಸಲ ಇಂಗ್ಲಿಷಿನಲ್ಲೂ ಇತ್ತು.

ಅದೇ ದಿನಗಳಲ್ಲಿ ಮೇಟ್ರನ್ ಫೋನ್ ಮಾಡಿದಳು. ಅಲ್ಲಿ ಪೆಟ್ರೋಲ್ ಇಲ್ಲದೆ ಆಂಬುಲೆನ್ಸ್ ನಿಂತಿತ್ತು, ತಾಯಂದಿರು ಸೈಕಲ್ಲಿನ ಹಿಂದೆ ಕೂತು ಬರುತ್ತಿದ್ದರು. ಅದನ್ನೆಲ್ಲ ಬೇಗ ಬೇಗ ಹೇಳಿ ಮುಗಿಸಿ, "ನನ್ನ ಹುಡುಗಿಯರು ಯಾವಾಗ ಬರುತ್ತಾರೆ, ಡಾಕ್ಟರ್?" ಎಂದಳು. "ಅವರಿಗಾಗಿ ಕೋಣೆ ಸುಣ್ಣ ಹೊಡೆಸಿಟ್ಟಿದ್ದೇನೆ."

ಆ ವಾರದ ಭಾನುವಾರ ಮೂವರನ್ನೂ ಮನೆಗೆ ಊಟಕ್ಕೆ ಕರೆದಿದ್ದೆ. ವಾಪಸ್ ಹೋಗುವ ವಿಷಯ ಅಂದೇ ಸ್ಪಷ್ಟವಾಗಿ ಮಾತಾಡಬೇಕೆಂದು ನಿಶ್ಚಯಿಸಿದ್ದೆ. ಬೆಳಿಗ್ಗೆ ಬದನೆಕಾಯಿ ಹೆಚ್ಚುತ್ತಾ ನಮ್ಮ ಮನೆಯವರಿಗೆ ಹೇಳಿದೆ. ಅವರು ಕಾರಿನ ಬಿಡಿಭಾಗ ಮಾಡುವ ಕಂಪನಿಯಲ್ಲಿ ಎಂಜಿನಿಯರು, ಮಾತು ಕಡಿಮೆ.

"ಏನಂತ ಹೇಳಾಕಿ ಅವ್ರಿಗೆ?"

"ಹೋಗ್ರಿ ಅಂತೀನಿ. ಅಲ್ಲಿ ಕೂಸುಗಳು ಸಾಯಾಕತ್ತಾವು, ಮತ್ತೇನ್ ಹೇಳ್ಲಿ?"

"ಖರೆ ಐತಿ. ಆದ್ರ ಯಾವ ಬಾಯಿಲೆ ಹೇಳ್ತಿ?" ಎಂದರು, ಪೇಪರಿನಿಂದ ತಲೆ ಎತ್ತದೆ. "ಬಿಜಾಪುರದ ಸರ್ಕಾರಿ ದವಾಖಾನ್ಯಾಗ ಡಾಕ್ಟರ್ ಸಾಕಾಗಿದ್ರೇನು, ನಾವು ಬರೂ ಮುಂದ?"

"ನಮ್ದು ಬ್ಯಾರೆ."

"ಹೆಂಗ ಬ್ಯಾರೆ?"

ಬದನೆಕಾಯಿಯನ್ನು ಉಪ್ಪುನೀರಿಗೆ ಹಾಕಿದೆ.

ಮೂವರೂ ಬಂದರು. ಜೋಳದ ರೊಟ್ಟಿ ಬಡಿಯುವುದನ್ನು ನೋಡಲು ಒಲೆಯ ಸುತ್ತ ನಿಂತರು. ಮೆಕ್ಕೆಜೋಳದ ಹಿಟ್ಟನ್ನು ಗಟ್ಟಿಯಾಗಿ ತಿರುವಿ ಮಾಡುವ ತಮ್ಮ ಎನ್‌ಸಿಮಾದ ಸುದ್ದಿ ತೆಗೆದರು. ನಡುವಿನವಳು ತಾನೂ ಒಂದು ರೊಟ್ಟಿ ಬಡಿಯಲು ಹೋಗಿ ಹರಿದುಹಾಕಿದಳು, ನಕ್ಕೆವು. ಊಟ ಮುಗಿದ ಮೇಲೆ ನಾನು ವಿಷಯ ಎತ್ತಿದೆ. ಮೇಟ್ರನ್ ಫೋನ್ ಮಾಡಿದ್ದನ್ನು ಹೇಳಿದೆ, ಸುಣ್ಣ ಹೊಡೆಸಿದ್ದನ್ನೂ ಹೇಳಿದೆ.

ನಡುವಿನವಳು ಇಂಗ್ಲಿಷಿನಲ್ಲಿ, ಮೆಲ್ಲಗೆ, "ಡಾಕ್ಟರ್, ಅಲ್ಲಿ ಆಮ್ಲಜನಕ ಇರುತ್ತದೆಯೇ?" ಎಂದು ಕೇಳಿದಳು. "ಇಲ್ಲಿ ಕಲಿತದ್ದೆಲ್ಲ ಕೈಯಲ್ಲಿದೆ. ಅಲ್ಲಿ ಹೋದ ಮೇಲೆ ನನ್ನ ಕೈಯಲ್ಲಿ ಕೂಸು ಸತ್ತರೆ, ಮೊದಲಾದರೆ ನನಗೆ ಗೊತ್ತಿರಲಿಲ್ಲ ಅಂತ ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಇನ್ನು ಮುಂದೆ ಅದೂ ಇಲ್ಲ."

ಕಿರಿಯಳು ತಟ್ಟೆಯ ಅಂಚನ್ನು ಸವರುತ್ತಿದ್ದಳು. "ನನ್ನ ಗುತ್ತಿಗೆ ಮುಗಿಯಿತು. ಹೊಸ ನೇಮಕಾತಿ ಇಲ್ಲ. ನಾನು ವಾಪಸ್ ಹೋದರೆ ಮಾರುಕಟ್ಟೆಗೆ ಹೋಗುತ್ತೇನೆ, ಡಾಕ್ಟರ್. ವಾರ್ಡಿಗಲ್ಲ."

ಹಿರಿಯಳದು ಕಾಯಂ ಹುದ್ದೆ, ಅವಳು ಹೋಗುವವಳೆಂದು ಎಲ್ಲರಿಗೂ ಗೊತ್ತಿತ್ತು.

ಬೆಳಿಗ್ಗೆ ನಮ್ಮ ಮನೆಯವರು ಕೇಳಿದ್ದನ್ನು ಇವರೂ ಕೇಳುತ್ತಾರೆಂದು ನಾನು ಆ ಮಧ್ಯಾಹ್ನವಿಡೀ ಕಾದಿದ್ದೆ. ಉತ್ತರವನ್ನೂ ಜೋಡಿಸಿಟ್ಟುಕೊಂಡಿದ್ದೆ. ಅವರು ಕೇಳಲಿಲ್ಲ. ಪಾತ್ರೆ ತೊಳೆದುಕೊಟ್ಟು, ಉಳಿದ ರೊಟ್ಟಿಯನ್ನು ಕಟ್ಟಿಸಿಕೊಂಡು, ಧನ್ಯವಾದ ಹೇಳಿ ಬಸ್ಸಿಗೆ ಹೋದರು. ಹೋಗಿ ಎಂಬ ಮಾತು ನನ್ನ ಬಾಯಿಂದ ಹೊರಡಲಿಲ್ಲ.

ಅಂದು ಸಂಜೆ ಒಂದು ನಿರ್ಧಾರಕ್ಕೆ ಬಂದೆ. ಆ ಹುಡುಗಿಯರಿಗೆ ಬುದ್ಧಿ ಹೇಳುವ ಬದಲು ಸಮಿತಿಯ ಮುಂದೆ ಹೋಗುವುದು. ಯೋಜನೆಯಲ್ಲಿ ಹಣ ಉಳಿದಿತ್ತು. ಅದರಲ್ಲಿ ಅಲ್ಲಿಯ ವಾರ್ಡಿಗೆ ಕೆಲವು ನರ್ಸ್‌ಗಳ ಸಂಬಳ ಕೊಡೋಣ, ಸರ್ಕಾರ ನೇಮಕಾತಿ ಶುರುಮಾಡುವ ತನಕ. ಕಿರಿಯಳಿಗೆ ಕೆಲಸ ಸಿಗುತ್ತದೆ, ಮಾರುಕಟ್ಟೆಯಲ್ಲಿ ಕೂತ ಬೇರೆಯವರಿಗೂ ಸಿಗುತ್ತದೆ. ನಡುವಿನವಳ ಪ್ರಶ್ನೆಗೆ ಉತ್ತರವಾಗಿ, ಗಾಳಿಯಿಂದಲೇ ಆಮ್ಲಜನಕ ತೆಗೆಯುವ ಯಂತ್ರ, ಅದಕ್ಕೊಂದಿಷ್ಟು ಸೋಲಾರ್. ಮೇಟ್ರನ್ ಜೊತೆ ಮಾತಾಡಿ ವಿವರಗಳನ್ನು ಸಿದ್ಧಮಾಡಿದೆ. ಅವಳು ಉತ್ಸಾಹದಿಂದ ಜಿಲ್ಲಾ ಆರೋಗ್ಯ ಅಧಿಕಾರಿಯ ಒಪ್ಪಿಗೆಯನ್ನೂ ತಂದಳು.

ಸಮಿತಿಯಲ್ಲಿ ನನ್ನ ಮಾತನ್ನು ಪೂರ್ತಿ ಕೇಳಿಸಿಕೊಂಡರು. ಹಣ ಕೊಡುವ ಸಂಸ್ಥೆಯ ಪ್ರತಿನಿಧಿ ವಿನಯವಾಗಿಯೇ ಹೇಳಿದ: "ನಮ್ಮ ನಿಯಮದಲ್ಲಿ ತರಬೇತಿ ಇದೆ, ಉಪಕರಣ ಇದೆ. ಸಂಬಳ ಇಲ್ಲ. ಸಂಬಳ ಕೊಟ್ಟರೆ ಅವರು ನಮ್ಮನ್ನೇ ನೆಚ್ಚಿಕೊಳ್ಳುತ್ತಾರೆ. ನಾವು ಹೋದ ಮೇಲೆ ಯಾರು ಕೊಡುತ್ತಾರೆ? ಅದು ಬಾಳಿಕೆ ಬರುವ ಅಭಿವೃದ್ಧಿಯಲ್ಲ."

"ನೆಚ್ಚಿಕೊಂಡಿರುವವರು ನಾವು," ಎಂದೆ. "ಅವರ ನರ್ಸ್‌ಗಳನ್ನು ನೆಚ್ಚಿಕೊಂಡು ಇಲ್ಲಿ ಹಾಸಿಗೆ ತೆರೆಯಲು ಹೊರಟಿದ್ದೇವೆ."

ನಿರ್ದೇಶಕಿ ಕಿಟಕಿಯ ಹೊರಗೆ ನೋಡಿದಳು. ನಮ್ಮ ವಿಭಾಗದ ಮುಖ್ಯಸ್ಥರು ಭಾವುಕರಾಗಬಾರದು ಎಂದರು. ಸೋಲಾರ್ ಮತ್ತು ಆಮ್ಲಜನಕದ ಯಂತ್ರಕ್ಕೆ ಒಪ್ಪಿಗೆ ಸಿಕ್ಕಿತು, ಅದು ಉಪಕರಣವಾದ್ದರಿಂದ. ಅದನ್ನು ನೋಡಿಕೊಳ್ಳುವ ಕೈಗಳಿಗೆ ಸಿಗಲಿಲ್ಲ. ಉಳಿದ ಹಣದಲ್ಲಿ ಏನು ಕೊಳ್ಳುವುದೆಂಬ ಚರ್ಚೆ ಶುರುವಾದಾಗ ಯೋಜನೆಯ ಜವಾಬ್ದಾರಿಯನ್ನು ಬಿಟ್ಟುಕೊಡುತ್ತೇನೆಂದು ಹೇಳಿ ಎದ್ದು ಬಂದೆ. ಅದರಿಂದ ಯಾರಿಗೂ ಏನೂ ಆಗಲಿಲ್ಲ. ಇನ್ನೊಬ್ಬರಿಗೆ ವಹಿಸಿದರು. ನಡುವಿನವಳೂ ಕಿರಿಯಳೂ ಜಾಹೀರಾತಿನ ಹುದ್ದೆಗಳಿಗೆ ಅರ್ಜಿ ಹಾಕಿದರು.

ಮೇಟ್ರನ್‌ಗೆ ತಿಳಿಸುವ ಕೆಲಸವನ್ನು ಮಾತ್ರ ಬೇರೆಯವರಿಗೆ ಬಿಡಲಿಲ್ಲ. ಫೋನ್ ಮಾಡಿ, ಸಂಬಳಕ್ಕೆ ಒಪ್ಪಲಿಲ್ಲ, ಬರುವವಳು ಒಬ್ಬಳೇ ಎಂದೆ. ಆ ಕಡೆ ಬಾಗಿಲು ಹಾಕಿಕೊಂಡ ಸದ್ದು ಕೇಳಿತು. ಯಾರಿಗೂ ಕೇಳಿಸಬಾರದೆಂದು ಹಾಕಿರಬೇಕು.

"ಹುಡುಗಿಯರ ಮೇಲೆ ನನಗೆ ಸಿಟ್ಟಿಲ್ಲ," ಎಂದಳು. "ನನಗೆ ವಯಸ್ಸಿದ್ದರೆ ನಾನೂ ಹಾಗೇ ಮಾಡುತ್ತಿದ್ದೆನೇನೋ. ಆದರೆ ಡಾಕ್ಟರ್, ಮುಂದಿನ ಸಲ ಯಂತ್ರವನ್ನೇ ಕಳಿಸಿ. ಕೆಟ್ಟು ನಿಂತರೂ ಅದು ಇಲ್ಲೇ ಇರುತ್ತದೆ."

ಹಿರಿಯಳು ಹೊರಟಳು. ಮ್ಯೂನಿಕ್ ವಿಮಾನ ನಿಲ್ದಾಣಕ್ಕೆ ಮೂವರನ್ನೂ ನಾನೇ ಕಾರಿನಲ್ಲಿ ಕರೆದುಕೊಂಡು ಹೋದೆ. ಒಳಗೆ ಹೋಗುವ ಮುನ್ನ ಅವಳು ಉಳಿದಿಬ್ಬರ ತಲೆ ಮುಟ್ಟಿ ತಮ್ಮ ಭಾಷೆಯಲ್ಲಿ ಏನೋ ಹೇಳಿದಳು. ಕಿರಿಯಳು ಗೋಡೆಗೆ ಮುಖ ಮಾಡಿ ಅತ್ತಳು. ಬರುವಾಗ ಹಿಂದಿನ ಸೀಟಿನಲ್ಲಿ ಇಬ್ಬರೂ ದೂರ ದೂರ ಕೂತಿದ್ದರು. ನಮ್ಮ ವಾರ್ಡಿನ ಹಾಸಿಗೆಗಳು ತೆರೆದವು. ಯೋಜನೆಯ ವರದಿಯಲ್ಲಿ ಮೂವರು ನರ್ಸ್‌ಗಳಿಗೆ ತರಬೇತಿ, ಮೂವರೂ ಸೇವೆಯಲ್ಲಿದ್ದಾರೆ ಎಂದು ಬರೆದರು. ಅದರಲ್ಲಿ ಸುಳ್ಳು ಒಂದಕ್ಷರವೂ ಇರಲಿಲ್ಲ.

ಅಲ್ಲಿ ಹಿರಿಯಳು ಒಬ್ಬಳೇ ಕೆಲಸ ಶುರುಮಾಡಿದಳು. ಸೋಲಾರ್ ಕೈ ಕೊಡಲಿಲ್ಲ. ಬೇರೆ ವಾರ್ಡಿನ ಇಬ್ಬರಿಗೆ ಕಲಿಸಿದಳು, ಇಬ್ಬರನ್ನೂ ಆಡಳಿತದವರು ಸರದಿಯ ಪ್ರಕಾರ ಗಂಡಸರ ವಾರ್ಡಿಗೆ ಹಾಕಿದರು. ಮತ್ತೆ ಇಬ್ಬರಿಗೆ ಕಲಿಸಿದಳು. ಅವಳು ಪಾಳಿಯಲ್ಲಿ ಇಲ್ಲದ ಹೊತ್ತಿನಲ್ಲಿ ನೀರಿನ ಬಾಟಲಿಯಲ್ಲಿ ಗುಳ್ಳೆ ನಿಂತದ್ದನ್ನು ಯಾರೂ ನೋಡದೆ ಒಂದು ಕೂಸು ಹೋಯಿತು ಎಂದು ನನಗೆ ಫೋನಿನಲ್ಲಿ ಹೇಳಿದಳು. ಒಂದೇ ಕೂಸಲ್ಲ ಎಂಬುದು ಅವಳ ದನಿಯಲ್ಲಿತ್ತು. ನಾನು ಕೇಳಲಿಲ್ಲ.

ಮರುವರ್ಷ ಕೊನೆಗೂ ಸರ್ಕಾರ ಸ್ವಲ್ಪ ನೇಮಕಾತಿ ಮಾಡಿತು. ಆ ಆಸ್ಪತ್ರೆಗೆ ಹೊಸ ನರ್ಸ್‌ಗಳು ಬರುವವರಿದ್ದರು. ಆಗಸ್ಟಿನಲ್ಲಿ ಒಂದು ವಾರ ಎಲ್ಲರಿಗೂ ಒಟ್ಟಿಗೆ ತರಬೇತಿ ಇಡೋಣ, ಕಲಿಸಲು ಇನ್ನೊಂದು ಜೊತೆ ಕೈ ಬೇಕು ಎಂದು ಹಿರಿಯಳು ನಮ್ಮ ಕಿರಿಯಳನ್ನು ಕೇಳಿದಳು. ಕಿರಿಯಳ ಮುಖ ಅರಳಿದ್ದನ್ನು ಬಹಳ ದಿನಗಳ ಮೇಲೆ ಕಂಡೆ. ಟಿಕೆಟ್ಟಿನ ಬೆಲೆಯನ್ನೂ ನೋಡಿಬಿಟ್ಟಿದ್ದಳು. ರಜೆ ಕೇಳಲು ಹೋದವಳು ಬೇಗನೆ ವಾಪಸ್ ಬಂದಳು.

"ಆಗಸ್ಟ್ ರಜೆ ಶಾಲೆಗೆ ಹೋಗುವ ಮಕ್ಕಳಿರುವವರಿಗಂತೆ. ನವೆಂಬರಿನಲ್ಲಿ ಕೊಡುತ್ತಾರಂತೆ." ಇದನ್ನು ಅವಳು ಹೇಳಿದ್ದು ಜರ್ಮನ್‌ನಲ್ಲಿ, ಒಂದು ತಪ್ಪೂ ಇಲ್ಲದೆ.

ನಾನು ನಿರ್ದೇಶಕಿಯ ಹತ್ತಿರ ಹೋಗಿ ಕೂಗಾಡಿದೆ. ಅವಳು ವಾರ್ಡಿನ ಪಾಳಿಗಳನ್ನು ಕಂಪ್ಯೂಟರಿನಲ್ಲಿ ತೆರೆದು ನನ್ನ ಕಡೆ ತಿರುಗಿಸಿದಳು. "ಎಲ್ಲಿಂದ ತೆಗೆಯಲಿ, ನೀವೇ ಹೇಳಿ." ಒಬ್ಬಳನ್ನು ತೆಗೆದರೆ ಎರಡು ಹಾಸಿಗೆ ಮತ್ತೆ ಮುಚ್ಚಬೇಕಿತ್ತು. ಆ ಹಾಸಿಗೆಗಳಲ್ಲಿ ಆಗಲೇ ಕೂಸುಗಳಿದ್ದವು.

ಊರಿಗೆ ಹೋಗಲೆಂದು ತೆಗೆದಿಟ್ಟಿದ್ದ ನನ್ನ ರಜೆಯಲ್ಲಿ ನಾನೇ ಮಲಾವಿಗೆ ಹೋದೆ. ಮನೆಯವರು "ಹೋಗಿ ಬಾ" ಎಂದರು, ಅಷ್ಟೇ. ಮೇಟ್ರನ್ ನಿವೃತ್ತಳಾಗಿದ್ದಳು. ಸುಣ್ಣ ಹೊಡೆಸಿದ ಕೋಣೆಯಲ್ಲಿ ಹಿರಿಯಳು ಗುಂಪಿಗೆ ಕಲಿಸಿದಳು, ನಾನು ಅವಳ ಪಕ್ಕದಲ್ಲಿ ನಿಂತು ಕೇಳಿದ್ದಕ್ಕೆ ಉತ್ತರ ಹೇಳಿದೆ. ಹೊಸಬರಲ್ಲಿ ಒಬ್ಬಳ ಕೈ ಬಹಳ ಹಗುರ. ಮೂಗಿನ ತುದಿಗಳನ್ನು ಅವಳು ಕೂರಿಸಿದರೆ ಕೂಸು ಮುಖ ಸಿಂಡರಿಸುತ್ತಲೂ ಇರಲಿಲ್ಲ. ಇವಳೊಬ್ಬಳಿದ್ದರೆ ಸಾಕು, ವಾರ್ಡು ನಿಲ್ಲುತ್ತದೆ ಎಂದುಕೊಂಡೆ.

ಕೊನೆಯ ದಿನ ಬೆಳಿಗ್ಗೆ ಹಿರಿಯಳು, ನಾನು, ಆ ಹಗುರ ಕೈಯ ಹೊಸಬಳು ಒಂದೇ ಕೂಸಿನ ಸುತ್ತ ನಿಂತಿದ್ದಾಗ ಅವಳು ಸಂಕೋಚದಿಂದ ನನ್ನ ಕಡೆ ತಿರುಗಿದಳು.

"ಡಾಕ್ಟರ್, ಜರ್ಮನ್ ಕಲಿಯಲು ಎಷ್ಟು ಕಾಲ ಬೇಕು?"

ಹಿರಿಯಳು ಕೂಸಿನ ಮೂಗಿನ ಮೇಲಿಂದ ಕಣ್ಣು ತೆಗೆಯದೆ, "ನಿನ್ನಂಥವಳಿಗೆ ಒಂದು ವರ್ಷವೂ ಬೇಡ" ಎಂದಳು. ಆಮೇಲೆ ಅವಳ ಕೈಯನ್ನು ಹಿಡಿದು, ನಳಿಕೆ ಕೂರಿಸುವುದನ್ನು ಮತ್ತೊಮ್ಮೆ ಮೊದಲಿನಿಂದ ತೋರಿಸತೊಡಗಿದಳು.